ಮನೆಯ ಮೀಡಿಯಾ ಸರ್ವರ್: ಡಿಶ್‌ನಿಂದ ತೆರೆಯವರೆಗೆ

ಮನೆಯಲ್ಲಿರುವ ಸಿನಿಮಾ, ಹಾಡು, ಫೋಟೊ, ಮದುವೆ ವಿಡಿಯೊಗಳನ್ನೆಲ್ಲ ಒಂದೇ ಕಂಪ್ಯೂಟರಿನಲ್ಲಿ ಕೂಡಿಟ್ಟು, ತಾರಸಿಯ ಡಿಶ್‌ನಿಂದ ಇಳಿಯುವ ಟಿವಿ ವಾಹಿನಿಗಳನ್ನೂ ಅದಕ್ಕೇ ಜೋಡಿಸಿ, ನಡುಮನೆಯ ದೊಡ್ಡ ಟಿವಿ, ಮಲಗುವ ಕೋಣೆಯ ಚಿಕ್ಕ ಟಿವಿ, ಕೈಯಲ್ಲಿನ ಫೋನು ಎಲ್ಲದರಲ್ಲೂ ಬೇಕೆಂದಾಗ ನೋಡುವ ಏರ್ಪಾಡೇ ಮನೆಯ ಮೀಡಿಯಾ ಸರ್ವರ್. ಇದರಲ್ಲಿ ಮೂರು ಕೆಲಸಗಳಿವೆ. ಹೊರಗಿನಿಂದ ಬರುವ ಪ್ರಸಾರವನ್ನು ಹಿಡಿಯುವುದು ಟ್ಯೂನರ್. ಹಿಡಿದದ್ದನ್ನೂ ಮೊದಲೇ ಕೂಡಿಟ್ಟದ್ದನ್ನೂ ಜೋಪಾನ ಮಾಡಿ ಕೇಳಿದವರಿಗೆ ಹಂಚುವುದು ಸರ್ವರ್. ಹಂಚಿದ್ದನ್ನು ತೆರೆಯ ಮೇಲೆ ಬಿಡಿಸಿ ತೋರಿಸುವುದು ಕ್ಲೈಂಟ್ ಯಂತ್ರ. ಹೆಚ್ಚಿನವರ ಗಮನವೂ ಹಣವೂ ನಡುವಿನ ಸರ್ವರ್‌ಗೇ ಹೋಗುತ್ತದೆ. ಆದರೆ ಏರ್ಪಾಡಿನ ಅಳಿವು ಉಳಿವು ತೀರ್ಮಾನವಾಗುವುದು ಎರಡು ತುದಿಗಳಲ್ಲಿ: ಯಾವ ಪ್ರಸಾರವನ್ನು ಹಿಡಿಯಲು ಸಾಧ್ಯ ಎಂಬಲ್ಲಿ, ಮತ್ತು ಕ್ಲೈಂಟ್ ಯಾವ ಫೈಲನ್ನು ಇದ್ದ ಹಾಗೇ ಆಡಿಸಬಲ್ಲದು ಎಂಬಲ್ಲಿ. ಈ ಎರಡನ್ನು ಮೊದಲು ಲೆಕ್ಕ ಹಾಕಿದವರಿಗೆ ಚಿಕ್ಕ, ಅಗ್ಗದ ಸರ್ವರ್ ಸಾಕಾಗುತ್ತದೆ.

ಪ್ರಸಾರವನ್ನು ಹಾರ್ಡ್ ಡಿಸ್ಕಿನಲ್ಲಿ ಹಿಡಿದಿಡುವ ಪೆಟ್ಟಿಗೆಗಳು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1999ರಲ್ಲಿ, ಟೀವೊ ಮತ್ತು ರೀಪ್ಲೇ ಟಿವಿ ಎಂಬ ಹೆಸರುಗಳಲ್ಲಿ. ಒಂದು ಪೆಟ್ಟಿಗೆ ಒಂದು ಟಿವಿಗೆ ಎಂಬುದು ಅವುಗಳ ಮೂಲ ಕ್ರಮ. ಮರುವರ್ಷವೇ ಜರ್ಮನಿಯ ಕ್ಲಾಸ್ ಶ್ಮಿಡಿಂಗರ್ ಲಿನಕ್ಸ್ ಮೇಲೆ ಓಡುವ ವಿಡಿಆರ್ ತಂತ್ರಾಂಶವನ್ನು ಹೊರತಂದರು. ಮನೆಯ ಸಾಮಾನ್ಯ ಕಂಪ್ಯೂಟರಿಗೆ ಉಪಗ್ರಹ ಟ್ಯೂನರ್ ಕಾರ್ಡು ಸಿಕ್ಕಿಸಿ ಅದನ್ನೇ ರೆಕಾರ್ಡರ್ ಮಾಡುವ ದಾರಿ ಹೀಗೆ ತೆರೆಯಿತು. 2002ರಲ್ಲಿ ಅಮೆರಿಕದ ಐಸಾಕ್ ರಿಚರ್ಡ್ಸ್ ಆರಂಭಿಸಿದ ಮಿಥ್‌ಟಿವಿ ಇನ್ನೊಂದು ಹೆಜ್ಜೆ ಮುಂದಿಟ್ಟು, ತಂತ್ರಾಂಶವನ್ನೇ ಎರಡು ಹೋಳು ಮಾಡಿತು. ಟ್ಯೂನರ್, ಡಿಸ್ಕ್, ದತ್ತಸಂಚಯಗಳನ್ನು ನೋಡಿಕೊಳ್ಳುವ ಬ್ಯಾಕೆಂಡ್ ಮಾಡಿನ ಮೂಲೆಯಲ್ಲೆಲ್ಲೋ ಇರಬಹುದು. ತೆರೆಯ ಮುಂದಿರುವ ಫ್ರಂಟೆಂಡ್‌ಗಳು ಎಷ್ಟು ಬೇಕಾದರೂ ಇರಬಹುದು. ಒಂದು ಕೋಣೆಯಲ್ಲಿ ಅರ್ಧ ನೋಡಿದ ಕಾರ್ಯಕ್ರಮವನ್ನು ಇನ್ನೊಂದು ಕೋಣೆಯಲ್ಲಿ ಅಲ್ಲಿಂದಲೇ ಮುಂದುವರಿಸುವ ಅನುಕೂಲ ಇದರಿಂದ ಬಂತು. ಇಂದಿನ ಎಲ್ಲ ಮೀಡಿಯಾ ಸರ್ವರ್‌ಗಳ ಹಿಂದೆ ಇರುವುದು ಇದೇ ವಿಂಗಡಣೆ.

ಮೈಕ್ರೋಸಾಫ್ಟ್ ಕೂಡ 2002ರಲ್ಲೇ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿಯನ್ನು ತಂದಿತು. ಮುಂದೆ ಎಕ್ಸ್‌ಬಾಕ್ಸ್ 360 ಆಟದ ಯಂತ್ರವನ್ನೇ ಅದರ ಕ್ಲೈಂಟ್ ಆಗಿ ಬಳಸುವ ವ್ಯವಸ್ಥೆಯೂ ಇತ್ತು. ತುಂಬ ನಯವಾಗಿದ್ದ ಈ ತಂತ್ರಾಂಶವನ್ನು 2015ರ ವಿಂಡೋಸ್ 10ರಿಂದ ಕೈಬಿಡಲಾಯಿತು, ಅದನ್ನೇ ನೆಚ್ಚಿಕೊಂಡಿದ್ದ ಮನೆಗಳು ದಿಕ್ಕು ಕಾಣದಾದವು. ಇತ್ತ ಮೊದಲ ಎಕ್ಸ್‌ಬಾಕ್ಸ್‌ಗಾಗಿ ಹವ್ಯಾಸಿಗಳು ಬರೆದ ವಿಡಿಯೊ ಪ್ಲೇಯರ್ ತಂತ್ರಾಂಶ ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು, 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡು ಈಗಲೂ ಬಾಳುತ್ತಿದೆ. ಅದರಿಂದಲೇ 2008ರಲ್ಲಿ ಕವಲೊಡೆದ ಪ್ಲೆಕ್ಸ್ ಖಾಸಗಿ ಉದ್ಯಮವಾಯಿತು. ಮೀಡಿಯಾ ಬ್ರೌಸರ್ ಎಂದು ಹುಟ್ಟಿದ ಎಂಬಿ ತನ್ನ ಮೂಲಸಂಕೇತವನ್ನು ಮುಚ್ಚಿದಾಗ, ಅದನ್ನು ಒಪ್ಪದ ಕೆಲಸಗಾರರು 2018ರ ಡಿಸೆಂಬರ್‌ನಲ್ಲಿ ಅದರ ಕೊನೆಯ ಮುಕ್ತ ಆವೃತ್ತಿಯಿಂದ ಜೆಲ್ಲಿಫಿನ್ ಕಟ್ಟಿದರು. ಈ ಚರಿತ್ರೆಗೆ ಇಂದಿನ ಆಯ್ಕೆಯಲ್ಲೂ ಬೆಲೆಯಿದೆ. ಪ್ಲೆಕ್ಸ್ ಸಂಸ್ಥೆ 2025ರ ಏಪ್ರಿಲ್‌ನಿಂದ ಮನೆಯ ಹೊರಗಿನಿಂದ ವಿಡಿಯೊ ನೋಡುವ ಸೌಲಭ್ಯಕ್ಕೆ ಚಂದಾ ವಿಧಿಸಿತು. ಹತ್ತಾರು ವರ್ಷ ಬಾಳಬೇಕಾದ ಸಂಗ್ರಹಕ್ಕೆ ಬಾಗಿಲು ಕಾಯುವ ತಂತ್ರಾಂಶ ಇನ್ನೊಬ್ಬರ ವ್ಯಾಪಾರದ ಲೆಕ್ಕಕ್ಕೆ ಸಿಕ್ಕಿಕೊಳ್ಳದಿರುವುದು ಒಳ್ಳೆಯದು. ಟಿವಿ ಹಿಡಿಯಲು ಟಿವಿಹೆಡೆಂಡ್, ಸಂಗ್ರಹ ಹಂಚಲು ಜೆಲ್ಲಿಫಿನ್, ತೆರೆಯ ಮುಂದೆ ಕೋಡಿ ಅಥವಾ ಜೆಲ್ಲಿಫಿನ್‌ನದೇ ಆ್ಯಪ್. ಈ ಜೋಡಣೆ ಮೂರೂ ಕೆಲಸಗಳನ್ನು ಮುಕ್ತ ತಂತ್ರಾಂಶದಲ್ಲೇ ಮುಗಿಸುತ್ತದೆ.

ಟಿವಿಯ ಭಾಗ ದೇಶದಿಂದ ದೇಶಕ್ಕೆ ತೀರ ಬೇರೆ. ಅಮೆರಿಕದ ಊರುಗಳಲ್ಲಿ ಚಾವಣಿಯ ಆಂಟೆನಾಕ್ಕೆ ಡಿಜಿಟಲ್ ಪ್ರಸಾರ ಬೀಗವಿಲ್ಲದೆ ಸಿಗುತ್ತದೆ. ಎಚ್‌ಡಿ ಹೋಮ್‌ರನ್‌ನಂಥ ಪುಟ್ಟ ಪೆಟ್ಟಿಗೆ ಅದನ್ನು ಹಿಡಿದು ಮನೆಯ ನೆಟ್‌ವರ್ಕಿಗೆ ಹರಿಸುತ್ತದೆ. ಜರ್ಮನಿಯ ಮನೆಗಳಿಗೆ ಆಸ್ಟ್ರಾ ಉಪಗ್ರಹದಿಂದ ಬಹಳಷ್ಟು ವಾಹಿನಿಗಳು ಉಚಿತ, ಮುಕ್ತ. ಭಾರತದಲ್ಲಿ ಪರಿಸ್ಥಿತಿ ತಿರುಗುಮುರುಗಾಗಿದೆ. ಅನಲಾಗ್ ಕೇಬಲ್ಲಿನ ಕಾಲದಲ್ಲಿ ಗೋಡೆಯಿಂದ ಬರುವ ತಂತಿಯನ್ನು ಕಂಪ್ಯೂಟರಿನ ಟಿವಿ ಟ್ಯೂನರ್ ಕಾರ್ಡಿಗೆ ಸಿಕ್ಕಿಸಿದರೆ ಊರಿನ ಕೇಬಲ್ ಆಪರೇಟರ್ ಕೊಡುವ ಎಲ್ಲ ವಾಹಿನಿಗಳೂ ಬರುತ್ತಿದ್ದವು. 2011ರ ಕೇಬಲ್ ಟಿವಿ ಕಾಯ್ದೆ ತಿದ್ದುಪಡಿ ಡಿಜಿಟಲೀಕರಣವನ್ನು ಕಡ್ಡಾಯ ಮಾಡಿತು. 2013ರ ಮಾರ್ಚ್ 31ರ ಗಡುವಿನ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರುಗಳು ಸೇರಿದವು. 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳವರೆಗೂ ಆ ಕ್ರಮ ಮುಟ್ಟಿತು. ಈಗ ಕೇಬಲ್ಲು, ಚಂದಾ ಡಿಟಿಎಚ್ ಎರಡರಲ್ಲೂ ಪ್ರಸಾರ ಗೂಢಲಿಪಿಯಲ್ಲಿ ಬರುತ್ತದೆ. ಬೀಗ ತೆಗೆಯುವ ಕೀಲಿಕೈ ಆಯಾ ಕಂಪನಿಯ ಸೆಟ್-ಟಾಪ್ ಬಾಕ್ಸಿನೊಳಗೇ ಇರುತ್ತದೆ. ಯಾವ ಕಂಪನಿಯ ಚಂದಾವನ್ನಾದರೂ ಯಾವ ಬಾಕ್ಸಿನಲ್ಲಾದರೂ ಬಳಸುವಂತಾಗಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರಲ್ಲಿ ಶಿಫಾರಸು ಮಾಡಿದ್ದರೂ ಮನೆಯ ಕಂಪ್ಯೂಟರಿಗೆ ಆ ಕೀಲಿಕೈ ಸಿಗುವ ದಾರಿ ತೆರೆದಿಲ್ಲ. ಬಾಕ್ಸಿನ ಎಚ್‌ಡಿಎಂಐ ತಂತಿಯಿಂದ ಹೊರಬರುವ ಚಿತ್ರಕ್ಕೂ ಎಚ್‌ಡಿಸಿಪಿ ಎಂಬ ಇನ್ನೊಂದು ಬೀಗವಿದೆ. ಹೀಗಾಗಿ ಚಂದಾ ಕೊಟ್ಟು ನೋಡುವ ಕನ್ನಡ ವಾಹಿನಿಗಳನ್ನು ಮನೆಯ ಸರ್ವರ್‌ಗೆ ಹರಿಸುವ ನೇರ, ನ್ಯಾಯವಾದ ಮಾರ್ಗವಿಲ್ಲ. ಹಣ ತೆತ್ತ ಪ್ರೇಕ್ಷಕನಿಗೆ ಇದು ಅನ್ಯಾಯವೇ.

ಉಳಿಯುವುದು ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ತಿಂಗಳ ಚಂದಾ ಇಲ್ಲ. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿರುವ ಜಿಸ್ಯಾಟ್-15 ಉಪಗ್ರಹದಿಂದ ಇದು ಕೆಯು ಬ್ಯಾಂಡಿನಲ್ಲಿ ಬರುತ್ತದೆ. ಡಿಡಿ ಚಂದನ ಇದರಲ್ಲಿದೆ, ಆಕಾಶವಾಣಿಯ ಹಲವು ಕೇಂದ್ರಗಳೂ ಇವೆ. ಖಾಸಗಿ ಮನರಂಜನೆಯ ಕನ್ನಡ ವಾಹಿನಿಗಳನ್ನು ಬಯಸುವವರಿಗೆ ಇದು ಸಾಲದು. ಆದರೆ ಚಂದನದ ಹಳೆಯ ಸಂದರ್ಶನ, ಸಂಗೀತ, ನಾಟಕ, ಕೃಷಿ ಕಾರ್ಯಕ್ರಮಗಳನ್ನು ಮೆಚ್ಚುವ ಮನೆಗೆ, ಅವು ಪ್ರಸಾರವಾಗುವ ಹೊತ್ತಿನಲ್ಲಿ ಯಾರೂ ಟಿವಿ ಮುಂದೆ ಇರಲಾರದ ಮನೆಗೆ, ಬೀಗವಿಲ್ಲದ ಈ ಪ್ರಸಾರ ದೊಡ್ಡ ಉಪಕಾರ.

ಫ್ರೀ ಡಿಶ್ ಹಿಡಿಯಲು ಬೇಕಾದದ್ದು ಡಿವಿಬಿ-ಎಸ್2 ಜಾತಿಯ ಟ್ಯೂನರ್. ಇವು ಕಂಪ್ಯೂಟರಿನೊಳಗೆ ಕೂರುವ ಕಾರ್ಡಾಗಿಯೂ ಯುಎಸ್‌ಬಿಗೆ ಸಿಕ್ಕಿಸುವ ಡಬ್ಬಿಯಾಗಿಯೂ ಸಿಗುತ್ತವೆ. ಕೊಳ್ಳುವ ಮೊದಲು ನೋಡಬೇಕಾದದ್ದು ಒಂದೇ: ಲಿನಕ್ಸ್ ಕರ್ನೆಲ್‌ನಲ್ಲಿ ಅದರ ಡ್ರೈವರ್ ಮೊದಲೇ ಸೇರಿದೆಯೇ ಎಂಬುದು. ತಯಾರಕರ ತಾಣದಿಂದ ಪ್ರತ್ಯೇಕವಾಗಿ ಇಳಿಸಿ ಕಟ್ಟಿಕೊಳ್ಳಬೇಕಾದ ಡ್ರೈವರ್ ಪ್ರತಿ ಸಲ ಕರ್ನೆಲ್ ಹೊಸದಾದಾಗಲೂ ಕೈಕೊಡುವ ಸಾಧ್ಯತೆ ಇರುತ್ತದೆ. ಟ್ಯೂನರನ್ನು ಸರ್ವರ್‌ನಿಂದ ದೂರ ಇಡಬೇಕಾದರೆ 2012ರಲ್ಲಿ ರೂಪುಗೊಂಡ ಸ್ಯಾಟ್-ಐಪಿ ಕ್ರಮವಿದೆ. ಡಿಶ್ ಹತ್ತಿರವೇ ಒಂದು ಪೆಟ್ಟಿಗೆ ಸಂಕೇತವನ್ನು ಹಿಡಿದು ಸಾಮಾನ್ಯ ನೆಟ್‌ವರ್ಕ್ ತಂತಿಯಲ್ಲಿ ಕಳಿಸುತ್ತದೆ, ಕೋಣೆಕೋಣೆಗೆ ಕೋಆಕ್ಸಿಯಲ್ ಕೇಬಲ್ ಎಳೆಯುವ ತಾಪತ್ರಯ ತಪ್ಪುತ್ತದೆ.

ಒಂದು ಟ್ಯೂನರ್ ಎಂದರೆ ಒಂದು ವಾಹಿನಿ ಎಂಬ ತಪ್ಪು ಕಲ್ಪನೆಯಿಂದ ಅನೇಕರು ಬೇಡದ ಖರ್ಚು ಮಾಡುತ್ತಾರೆ. ಉಪಗ್ರಹದ ಒಂದೊಂದು ಟ್ರಾನ್ಸ್‌ಪಾಂಡರ್ ಹತ್ತಾರು ವಾಹಿನಿಗಳನ್ನು ಒಂದೇ ಪ್ರವಾಹದಲ್ಲಿ ಹೆಣೆದು ಕಳಿಸುತ್ತದೆ. ಆ ಪ್ರವಾಹ 188 ಬೈಟುಗಳ ಚಿಕ್ಕ ಪೊಟ್ಟಣಗಳ ಸಾಲು. ಪ್ರತಿ ಪೊಟ್ಟಣದ ಮೇಲೂ ಅದು ಯಾವ ವಾಹಿನಿಯ ಚಿತ್ರ ಅಥವಾ ಧ್ವನಿ ಎಂಬುದನ್ನು ತಿಳಿಸುವ ಅಂಕಿ ಇರುತ್ತದೆ. ಟ್ಯೂನರ್ ಇಡೀ ಪ್ರವಾಹವನ್ನು ಹಿಡಿಯುತ್ತದೆ, ಟಿವಿಹೆಡೆಂಡ್ ಅಂಕಿ ನೋಡಿ ಬೇಕಾದವನ್ನು ಬೇರ್ಪಡಿಸುತ್ತದೆ. ಆದ್ದರಿಂದ ಒಂದೇ ಟ್ರಾನ್ಸ್‌ಪಾಂಡರಿನ ನಾಲ್ಕು ವಾಹಿನಿಗಳನ್ನು ಒಂದೇ ಟ್ಯೂನರಿನಿಂದ ನಾಲ್ಕು ಕೋಣೆಗಳಲ್ಲಿ ನೋಡಬಹುದು. ಎರಡನೆಯ ಟ್ಯೂನರ್ ಬೇಕಾಗುವುದು ಬೇರೆ ಟ್ರಾನ್ಸ್‌ಪಾಂಡರಿನ ವಾಹಿನಿಯನ್ನು ಅದೇ ಹೊತ್ತಿಗೆ ಕೇಳಿದಾಗ ಮಾತ್ರ. ಆಗಲೂ ಡಿಶ್ ಮೇಲೆ ಸಂಕೇತ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗವನ್ನು ಗಮನಿಸಬೇಕು. ತಂತಿಯಲ್ಲಿ 13 ವೋಲ್ಟ್ ಬಂದರೆ ಅದು ಲಂಬ ಧ್ರುವೀಕರಣಕ್ಕೆ, 18 ವೋಲ್ಟ್ ಬಂದರೆ ಅಡ್ಡ ಧ್ರುವೀಕರಣಕ್ಕೆ ಹೊರಳುತ್ತದೆ. ಒಂದೇ ಬಾಯಿಯ ಎಲ್‌ಎನ್‌ಬಿ ಏಕಕಾಲಕ್ಕೆ ಎರಡನ್ನೂ ಕೊಡಲಾರದು. ಎರಡು ಅಥವಾ ನಾಲ್ಕು ಬಾಯಿಯ ಎಲ್‌ಎನ್‌ಬಿ ಹಾಕಿ, ಟ್ಯೂನರಿಗೊಂದು ತಂತಿ ಎಳೆದರೆ ಈ ಜಗಳ ತೀರುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೆಯು ಬ್ಯಾಂಡಿನ ಸಂಕೇತವನ್ನು ಜಡಿಮಳೆ ಹೀರಿಕೊಳ್ಳುತ್ತದೆ. 60 ಸೆಂಟಿಮೀಟರ್ ಡಿಶ್ ಬದಲು 90 ಸೆಂಟಿಮೀಟರಿನದನ್ನು ಹಾಕಿದರೆ ಆಷಾಢದ ರೆಕಾರ್ಡಿಂಗ್‌ಗಳು ನಡುವೆ ಹರಿಯುವುದು ಎಷ್ಟೋ ಕಡಿಮೆಯಾಗುತ್ತದೆ.

ಹಿಡಿದ ಪ್ರವಾಹವನ್ನು ಟಿವಿಹೆಡೆಂಡ್ ಮರುಸಂಕೇತಿಸದೆ ಹಾಗೆಯೇ ಡಿಸ್ಕಿಗೆ ಬರೆಯುತ್ತದೆ. ಆದ್ದರಿಂದ ರೆಕಾರ್ಡಿಂಗ್‌ಗೆ ಬಲವಾದ ಪ್ರೊಸೆಸರ್ ಬೇಕಿಲ್ಲ. ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಪ್ರಸಾರದ ಜೊತೆಗೇ ಬರಬಹುದು, ಅಥವಾ ಎಕ್ಸ್‌ಎಂಎಲ್‌ಟಿವಿ ಎಂಬ ಮಾದರಿಯ ಫೈಲಿನಿಂದ ತುಂಬಿಸಬಹುದು. ಪಟ್ಟಿಯ ಸಮಯವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಿಂದೆ ಐದು, ಮುಂದೆ ಹತ್ತು ನಿಮಿಷ ಹೆಚ್ಚು ಹಿಡಿಯುವಂತೆ ಹೇಳಿಟ್ಟರೆ ನಾಟಕದ ಕೊನೆಯ ದೃಶ್ಯ ತಪ್ಪುವುದಿಲ್ಲ. ಜಾಹೀರಾತು ಗುರುತಿಸಿ ಹಾರಿಸುವ ತಂತ್ರಗಳು ಮಿಥ್‌ಟಿವಿಯ ಕಾಲದಿಂದಲೂ ಇವೆ. ತೆರೆ ಕಪ್ಪಾಗುವ ಕ್ಷಣ, ವಾಹಿನಿಯ ಲಾಂಛನ ಮಾಯವಾಗುವ ಕ್ಷಣಗಳನ್ನು ಅವು ಹುಡುಕುತ್ತವೆ. ಕಾರ್ಯಕ್ರಮದ ನಡುವೆಯೇ ತೆರೆಯ ಅಂಚಿನಲ್ಲಿ ಜಾಹೀರಾತು ತೂರುವ ನಮ್ಮ ವಾಹಿನಿಗಳಲ್ಲಿ ಅವುಗಳ ಊಹೆ ಆಗಾಗ ತಪ್ಪುತ್ತದೆ.

ಕಾನೂನಿನ ಮಾತು ಇಲ್ಲೇ ಬರಬೇಕು. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ 39ನೆಯ ವಿಧಿ, ಪ್ರಸಾರವೊಂದನ್ನು ಸ್ವಂತ ಖಾಸಗಿ ಬಳಕೆಗಾಗಿ ಧ್ವನಿ ಅಥವಾ ದೃಶ್ಯ ರೂಪದಲ್ಲಿ ಮುದ್ರಿಸಿಕೊಳ್ಳುವುದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ ಎನ್ನುತ್ತದೆ. 52ನೆಯ ವಿಧಿ ವೈಯಕ್ತಿಕ ಬಳಕೆಯ ನ್ಯಾಯವಾದ ವ್ಯವಹಾರಕ್ಕೆ ರಕ್ಷಣೆ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ವಿಧಿ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಶಿಕ್ಷಾರ್ಹ ಮಾಡಿದೆ. ಅಲ್ಲಿ ತೂಕವಿರುವುದು ಉದ್ದೇಶ ಎಂಬುದಕ್ಕೆ. ಅಮೆರಿಕದ 1998ರ ಕಾಯ್ದೆ ಹೆಚ್ಚು ಬಿಗಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬೀಗ ಮುರಿಯುವುದನ್ನೇ ಅದು ನಿಷೇಧಿಸುತ್ತದೆ. ಅಲ್ಲಿ ನೆಲೆಸಿ ಕನ್ನಡ ಡಿವಿಡಿಗಳ ಕಪಾಟು ಇಟ್ಟುಕೊಂಡಿರುವವರು ಈ ವ್ಯತ್ಯಾಸ ತಿಳಿದಿರಬೇಕು. ಮನೆಮಂದಿಯ ಬಳಕೆ ದಾಟಿ ನೆರೆಹೊರೆಗೆ, ಗೆಳೆಯರ ಗುಂಪಿಗೆ ಹಂಚುವುದಕ್ಕೆ ಎಲ್ಲೂ ಆಸರೆಯಿಲ್ಲ.

ಪ್ರಸಾರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಮನೆಯ ಕಪಾಟಿನಲ್ಲೇ ಇರುತ್ತದೆ. ಕರ್ನಾಟಕದ ಅನೇಕ ಮನೆಗಳಲ್ಲಿ ಹಳೆಯ ಕನ್ನಡ ಸಿನಿಮಾಗಳು ಇನ್ನೂ ವಿಸಿಡಿಗಳಲ್ಲಿವೆ. ಒಂದು ಚಿತ್ರ ಎರಡು ಅಥವಾ ಮೂರು ತಟ್ಟೆಗಳಲ್ಲಿ, 352 ಗುಣಿಸು 288 ಚುಕ್ಕಿಗಳ ಮಸುಕು ಚಿತ್ರದಲ್ಲಿ ಇರುತ್ತದೆ. ಎರಡೂವರೆ ಗಂಟೆಯ ಸಿನಿಮಾ ಒಂದೂವರೆ ಗಿಗಾಬೈಟಿನಷ್ಟು ಜಾಗ ಬೇಡುತ್ತದೆ, ಅಷ್ಟೆ. ವಿಸಿಡಿಗೆ ಬೀಗವೂ ಇಲ್ಲ. ಈಗ ಯಾವ ಒಟಿಟಿಯಲ್ಲೂ ಕಾಣದ ಸಿನಿಮಾದ ಒಂದೇ ಪ್ರತಿ ಹೀಗೆ ಬೀರುವಿನ ತಳದಲ್ಲಿ ಇರುವುದುಂಟು. ತಟ್ಟೆಯ ಲೇಪನ ಕಿತ್ತುಬರುವ ಮೊದಲು ಅದನ್ನು ಡಿಸ್ಕಿಗೆ ಏರಿಸುವುದು ಮೀಡಿಯಾ ಸರ್ವರ್ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಒಂದು.

ಅದಕ್ಕೂ ಮಿಗಿಲಾದದ್ದು ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೊ ಕ್ಯಾಸೆಟ್ಟು. 1990ರ ದಶಕದ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಈಗಿಲ್ಲದ ಅಜ್ಜ ಅಜ್ಜಿಯರ ನಡೆ, ನುಡಿ, ನಗು ಇವೆ; ಅವುಗಳಿಗೆ ಎರಡನೆಯ ಪ್ರತಿ ಇಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ತಯಾರಿಕೆ ನಿಲ್ಲಿಸಿತು. ಆದ್ದರಿಂದ ಚಾಲೂ ಸ್ಥಿತಿಯ ಯಂತ್ರ ವರ್ಷ ಕಳೆದಂತೆ ದುರ್ಲಭವಾಗುತ್ತಿದೆ. ಮಲೆನಾಡಿನ ಥಂಡಿಯಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಆಡಿಸಿದರೆ ಅದು ಯಂತ್ರದ ಹೆಡ್ಡಿಗೂ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ, ಮೊದಲು ಒಣಗಿಸಿ ಶುಚಿ ಮಾಡಿಸಲೇಬೇಕು. ಡಿಜಿಟಲ್‌ಗೆ ತರುವಾಗ 720 ಗುಣಿಸು 576ರ ಪೂರ್ಣ ಅಳತೆಯಲ್ಲಿ, ಸೆಕೆಂಡಿಗೆ 50 ಅರೆಚಿತ್ರಗಳನ್ನೂ ಉಳಿಸಿಕೊಂಡು ಹಿಡಿಯಬೇಕು. ಅಂಗಡಿಗಳಲ್ಲಿ ಕೆಲವೊಮ್ಮೆ ಕೆಲಸ ಬೇಗ ಮುಗಿಸಲು ಅರ್ಧ ಅಳತೆಯಲ್ಲಿ ಬಿಗಿಯಾಗಿ ಕುಗ್ಗಿಸಿ ಕೊಡುತ್ತಾರೆ. ಕಳೆದ ವಿವರ ಮತ್ತೆ ಬರುವುದಿಲ್ಲ. ಸ್ವಲ್ಪ ಈಚಿನ ಮಿನಿ ಡಿವಿ ಕ್ಯಾಸೆಟ್ಟಿನದು ಬೇರೆ ಲೆಕ್ಕ. ಅದು ಮೊದಲೇ ಡಿಜಿಟಲ್. ಫೈರ್‌ವೈರ್ ತಂತಿಯಲ್ಲಿ ಒಂದು ಅಕ್ಷರವೂ ವ್ಯತ್ಯಾಸವಾಗದಂತೆ ಇಳಿಸಬಹುದು, ಗಂಟೆಗೆ ಸುಮಾರು 13 ಗಿಗಾಬೈಟ್ ಆಗುತ್ತದೆ.

ಜಾಗದ ಲೆಕ್ಕ ಕಷ್ಟದ್ದಲ್ಲ. ಸೆಕೆಂಡಿಗೆ 8 ಮೆಗಾಬಿಟ್ ವೇಗದ ಎಚ್‌ಡಿ ವಿಡಿಯೊ ಎಂದರೆ ಸೆಕೆಂಡಿಗೆ ಒಂದು ಮೆಗಾಬೈಟ್, ಗಂಟೆಗೆ 3.6 ಗಿಗಾಬೈಟ್. 4 ಟೆರಾಬೈಟಿನ ಡಿಸ್ಕಿನಲ್ಲಿ ಇಂಥ 1,100 ಗಂಟೆ ಹಿಡಿಯುತ್ತದೆ. ಸಾಧಾರಣ ಮನೆಗೆ ಇದು ಬೇಕಾದಷ್ಟಾಯಿತು. ಡಿವಿಡಿ ಒಂದಕ್ಕೆ ಹೆಚ್ಚೆಂದರೆ 8.5, ಬ್ಲೂ-ರೇ ಒಂದಕ್ಕೆ 50 ಗಿಗಾಬೈಟ್ ಎಂದು ಹಿಡಿದರೆ ಉಳಿದದ್ದು ಕೂಡಿಸಿ ಕಳೆಯುವ ಕೆಲಸ. ಎರಡು ಮೂರು ಡಿಸ್ಕುಗಳನ್ನು ರೇಡ್ ಕ್ರಮದಲ್ಲಿ ಜೋಡಿಸಿದ ಮಾತ್ರಕ್ಕೆ ಸಂಗ್ರಹ ಸುರಕ್ಷಿತವೆಂದು ತಿಳಿಯುವುದು ಅಪಾಯ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ. ತಪ್ಪಿ ಅಳಿಸಿದರೆ, ಸಿಡಿಲು ಬಡಿದು ಇಡೀ ಯಂತ್ರ ಸುಟ್ಟರೆ, ಕಳವಾದರೆ ಕಾಪಾಡುವುದಿಲ್ಲ. ಸಿನಿಮಾಗಳನ್ನು ತಟ್ಟೆಯಿಂದ ಇನ್ನೊಮ್ಮೆ ಏರಿಸಬಹುದು. ಮದುವೆಯ ಕ್ಯಾಸೆಟ್ಟು ಮತ್ತು ಫೋಟೊಗಳನ್ನು ಮಾತ್ರ ಬೇರೊಂದು ಡಿಸ್ಕಿಗೆ ನಕಲಿಸಿ ಅಣ್ಣನ ಮನೆಯಲ್ಲೋ ತವರಿನಲ್ಲೋ ಇಡಲೇಬೇಕು. ದೊಡ್ಡ ರೇಡ್‌ಗೆ ಸುರಿಯುವ ಹಣದಲ್ಲಿ ಈ ಎರಡನೆಯ ಡಿಸ್ಕು ಕೊಳ್ಳುವುದು ಜಾಣತನ.

ಇನ್ನು ಇಡೀ ವ್ಯವಸ್ಥೆಯ ಮರ್ಮಕ್ಕೆ ಬರಬೇಕು. ಕ್ಲೈಂಟ್ ಒಂದು ಫೈಲು ಕೇಳಿದಾಗ ಸರ್ವರ್ ಮೂರರಲ್ಲಿ ಒಂದು ಮಾಡುತ್ತದೆ. ಕ್ಲೈಂಟ್‌ಗೆ ಆ ಫೈಲು ಪೂರ್ತಿ ಅರ್ಥವಾಗುವಂತಿದ್ದರೆ ಇದ್ದ ಹಾಗೇ ಕಳಿಸುತ್ತದೆ. ಚಿತ್ರ, ಧ್ವನಿ ಅರ್ಥವಾಗಿ ಹೊರಗಿನ ಪೊಟ್ಟಣ ಮಾತ್ರ ಒಗ್ಗದಿದ್ದರೆ ಪೊಟ್ಟಣ ಬದಲಿಸಿ ಕಳಿಸುತ್ತದೆ. ಎರಡಕ್ಕೂ ಶ್ರಮವಿಲ್ಲ, ಹತ್ತು ವರ್ಷ ಹಳೆಯ ಲ್ಯಾಪ್‌ಟಾಪೂ ಇದನ್ನು ನಾಲ್ಕು ಕೋಣೆಗೆ ಮಾಡಿಕೊಡುತ್ತದೆ. ಚಿತ್ರದ ಸಂಕೇತವೇ ಅರ್ಥವಾಗದಿದ್ದರೆ ಮಾತ್ರ ಸರ್ವರ್ ಪ್ರತಿ ಚೌಕಟ್ಟನ್ನೂ ಬಿಡಿಸಿ, ಬೇರೆ ಸಂಕೇತದಲ್ಲಿ ಮತ್ತೆ ಹೆಣೆದು, ನೋಡುವ ವೇಗಕ್ಕೆ ಸರಿಯಾಗಿ ಕಳಿಸಬೇಕು. ಟ್ರಾನ್ಸ್‌ಕೋಡಿಂಗ್ ಎನ್ನುವ ಈ ಕೆಲಸ ಪ್ರೊಸೆಸರಿನ ಬೆವರಿಳಿಸುತ್ತದೆ. ಫ್ಯಾನಿನ ಸದ್ದು, ತಡೆದು ತಡೆದು ಓಡುವ ಚಿತ್ರ, ಏರುವ ಕರೆಂಟು ಬಿಲ್ಲು ಎಲ್ಲದರ ಮೂಲ ಇದೇ.

ಯಾವ ಸಂಕೇತ ಎಲ್ಲಿ ಒಗ್ಗುತ್ತದೆ? 2003ರ ಎಚ್.264 ಇಂದು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಟಿವಿ, ಫೋನುಗಳಿಗೂ ಗೊತ್ತು. 2013ರ ಎಚ್‌ಇವಿಸಿ ಅದೇ ಗುಣಮಟ್ಟವನ್ನು ಅರ್ಧದಷ್ಟು ಜಾಗದಲ್ಲಿ ಕೊಡುತ್ತದೆ, ಹೆಚ್ಚಿನ 4ಕೆ ಟಿವಿಗಳು ಇದನ್ನು ಬಲ್ಲವು. ಬ್ರೌಸರುಗಳ ವಿಷಯದಲ್ಲಿ ಆ ಭರವಸೆ ಇಲ್ಲ. 2018ರ ಎವಿ1 ಇನ್ನೂ ಹೊಸ ಯಂತ್ರಗಳ ಸ್ವತ್ತು. ವಿಚಿತ್ರವೆಂದರೆ ತೊಡಕು ತೀರ ಹಳೆಯದರಲ್ಲೂ ಇದೆ. ವಿಸಿಡಿಯ ಎಂಪೆಗ್-1, ಡಿವಿಡಿ ಮತ್ತು ಫ್ರೀ ಡಿಶ್‌ನ ಹಲವು ವಾಹಿನಿಗಳ ಎಂಪೆಗ್-2 ಕೆಲವು ಹೊಸ ಟಿವಿ ಸ್ಟಿಕ್‌ಗಳಿಗೆ, ಬ್ರೌಸರುಗಳಿಗೆ ಒಗ್ಗುವುದಿಲ್ಲ. ಧ್ವನಿಯಲ್ಲಿ ಡಿಟಿಎಸ್ ಹೀಗೆಯೇ ಕೈಕೊಡುವಂಥದ್ದು. ಆದ್ದರಿಂದ ಸರ್ವರ್ ಕೊಳ್ಳುವ ಮೊದಲು ಮನೆಯಲ್ಲಿರುವ ಪ್ರತಿ ತೆರೆಯಲ್ಲೂ ನಾಲ್ಕಾರು ಮಾದರಿ ಫೈಲುಗಳನ್ನು ಪೆನ್‌ಡ್ರೈವಿನಿಂದ ಆಡಿಸಿ ನೋಡುವುದು ಲೇಸು. ಆಡದ ತೆರೆಗೆ ಒಂದು ಒಳ್ಳೆಯ ಕ್ಲೈಂಟ್ ಪೆಟ್ಟಿಗೆ ತಂದರೆ, ಎರಡರಷ್ಟು ಬೆಲೆಯ ಸರ್ವರ್ ತರುವ ಅಗತ್ಯ ತಪ್ಪುತ್ತದೆ.

ಟ್ರಾನ್ಸ್‌ಕೋಡಿಂಗ್ ಅನಿವಾರ್ಯವಾದರೆ ಅದನ್ನು ಪ್ರೊಸೆಸರಿನ ಸಾಮಾನ್ಯ ಭಾಗಕ್ಕೆ ಬಿಡದೆ ವಿಡಿಯೊಗೆಂದೇ ಕೆತ್ತಿದ ಭಾಗಕ್ಕೆ ವಹಿಸಬೇಕು. ಇಂಟೆಲ್ 2011ರಿಂದ ತನ್ನ ಪ್ರೊಸೆಸರುಗಳಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ಕೊಡುತ್ತಿದೆ. 2023ರಲ್ಲಿ ಬಂದ ಎನ್100 ಪ್ರೊಸೆಸರಿನ ಪುಟ್ಟ ಕಂಪ್ಯೂಟರುಗಳು ಮನೆಯ ಸರ್ವರ್‌ಗೆ ಹೇಳಿ ಮಾಡಿಸಿದಂತಿವೆ. ನಾಲ್ಕು ಕೋರ್, 6 ವ್ಯಾಟಿನ ಲೆಕ್ಕದ ವಿನ್ಯಾಸ, ಜೊತೆಗೆ ಎಚ್‌ಇವಿಸಿ ಬಿಡಿಸಿ ಹೆಣೆಯುವ, ಎವಿ1 ಬಿಡಿಸುವ ಅಂಗ. ರಾಸ್ಪ್‌ಬೆರಿ ಪೈ ಸರ್ವರ್‌ಗಿಂತ ಕ್ಲೈಂಟ್ ಆಗಿ ಹೆಚ್ಚು ಒಪ್ಪುತ್ತದೆ. 2019ರ ಪೈ 4, 2023ರ ಪೈ 5 ಎರಡೂ 4ಕೆ ಎಚ್‌ಇವಿಸಿಯನ್ನು ಸರಾಗವಾಗಿ ಆಡಿಸುತ್ತವೆ. ಪೈ 5ರಲ್ಲಿ ವಿಡಿಯೊ ಹೆಣೆಯುವ ಅಂಗವನ್ನೇ ತೆಗೆದಿದ್ದಾರೆ, ಟ್ರಾನ್ಸ್‌ಕೋಡಿಂಗ್‌ಗೆ ಅದು ಸಲ್ಲ.

ಕ್ಲೈಂಟ್‌ಗಳಲ್ಲಿ ಟಿವಿಯೊಳಗಿನ ಆ್ಯಪ್ ಎಲ್ಲಕ್ಕಿಂತ ಸುಲಭ, ಖರ್ಚೂ ಇಲ್ಲ. ಆದರೆ ಟಿವಿ ಹಳತಾದಂತೆ ಅದರ ಆ್ಯಪ್‌ಗಳಿಗೆ ಹೊಸ ಆವೃತ್ತಿ ನಿಲ್ಲುತ್ತದೆ, ತೆರೆ ಚೆನ್ನಾಗಿದ್ದರೂ ಬುದ್ಧಿ ಮಂಕಾಗುತ್ತದೆ. ಆಂಡ್ರಾಯ್ಡ್ ಟಿವಿ ಪೆಟ್ಟಿಗೆ ಅಥವಾ ಫೈರ್ ಟಿವಿ ಸ್ಟಿಕ್ಕನ್ನು ಎಚ್‌ಡಿಎಂಐಗೆ ಸಿಕ್ಕಿಸುವುದು ನಡುದಾರಿ. ಮೂರನೆಯದು ಲಿಬ್ರೆಎಲೆಕ್ ಹಾಕಿದ ಪೈ: ಕಂಪ್ಯೂಟರ್ ಚಾಲೂ ಆದೊಡನೆ ನೇರ ಕೋಡಿ ತೆರೆಯುತ್ತದೆ, ಟಿವಿಹೆಡೆಂಡ್‌ನ ವಾಹಿನಿಗಳು ಮತ್ತು ರೆಕಾರ್ಡಿಂಗ್‌ಗಳು ಒಂದೇ ಪಟ್ಟಿಯಲ್ಲಿ ಬರುತ್ತವೆ, ಎಂಪೆಗ್-1ರಿಂದ ಡಿಟಿಎಸ್‌ವರೆಗೆ ಯಾವ ಹಳೆಯ ಫೈಲಿಗೂ ಮುಖ ತಿರುಗಿಸುವುದಿಲ್ಲ. ಎಚ್‌ಡಿಎಂಐ-ಸಿಇಸಿ ಸೌಲಭ್ಯ ತೆರೆದರೆ ಟಿವಿಯ ಹಳೆಯ ರಿಮೋಟಿನಲ್ಲೇ ಇದೂ ನಡೆಯುತ್ತದೆ. ಮನೆಯ ಹಿರಿಯರು ಎರಡನೆಯ ರಿಮೋಟು ಹುಡುಕದೆ ಒಂದು ಗುಂಡಿಯಲ್ಲಿ ಚಂದನ ನೋಡುವಂತಿರಬೇಕು. ಅದಾಗದಿದ್ದರೆ ಉಳಿದ ಎಷ್ಟು ಚಮತ್ಕಾರವಿದ್ದರೂ ಅವರು ಹಳೆಯ ಸೆಟ್-ಟಾಪ್ ಬಾಕ್ಸಿಗೇ ಮರಳುತ್ತಾರೆ, ಮರಳುವುದು ಸರಿಯೂ ಹೌದು.

ಸರ್ವರ್ ಮತ್ತು ತೆರೆಗಳ ನಡುವೆ ತಂತಿ ಎಳೆಯಲು ಆಗುವಲ್ಲೆಲ್ಲ ಎಳೆಯಬೇಕು. ಗಿಗಾಬಿಟ್ ವೇಗಕ್ಕೆ ಕ್ಯಾಟ್ 5ಇ ಸಾಕು. ಹೊಸ ಮನೆ ಕಟ್ಟುವವರು ಕರೆಂಟಿನ ಪೈಪಿಗೆ ಜೊತೆ ಮಾಡದೆ ಪ್ರತಿ ಟಿವಿಯ ಗೋಡೆಗೂ ಬೇರೆ ಪೈಪು ಹಾಕಿಸಿಟ್ಟರೆ ಮುಂದೆ ಗೋಡೆ ಕೆತ್ತುವುದು ತಪ್ಪುತ್ತದೆ. ಅನೇಕ ದುಬಾರಿ ಟಿವಿಗಳ ನೆಟ್‌ವರ್ಕ್ ಕಿಂಡಿ ಇಂದಿಗೂ 100 ಮೆಗಾಬಿಟ್‌ನದು. ಸಾಮಾನ್ಯ ಬಳಕೆಗೆ ಅಷ್ಟು ಸಾಕಾದರೂ, ಆ ಮಿತಿಯನ್ನೂ ದಾಟಬಲ್ಲ 4ಕೆ ಬ್ಲೂ-ರೇ ಪ್ರತಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ವೈಫೈ ಅನಿವಾರ್ಯವಾದರೆ 5 ಗಿಗಾಹರ್ಟ್ಸ್ ವೇಗದ್ದು, ಆದರೆ ಕಾಂಕ್ರೀಟು, ಜಂಬಿಟ್ಟಿಗೆ ಗೋಡೆಗಳನ್ನು ಎರಡು ದಾಟುವಷ್ಟರಲ್ಲಿ ಸೊರಗುತ್ತದೆ.

ಸಂಗ್ರಹಕ್ಕೆ ಪೋಸ್ಟರು, ತಾರಾಗಣ, ಕಥಾಸಾರಗಳನ್ನು ಸರ್ವರ್ ತಾನೇ ಅಂತರ್ಜಾಲದ ಟಿಎಂಡಿಬಿಯಂಥ ದತ್ತಸಂಚಯದಿಂದ ತರುತ್ತದೆ, ಫೈಲಿನ ಹೆಸರು ಮತ್ತು ವರ್ಷ ನೋಡಿ. ಕನ್ನಡ ಸಿನಿಮಾಗಳಿಗೆ ವರ್ಷ ಬರೆಯದಿದ್ದರೆ ಗೊಂದಲ ಖಚಿತ. ‘ಗಂಧದ ಗುಡಿ’ ಎಂದರೆ ರಾಜ್‌ಕುಮಾರ್ ಅವರ 1973ರ ಚಿತ್ರವೂ ಹೌದು, ಪುನೀತ್ ಅವರ 2022ರ ಸಾಕ್ಷ್ಯಚಿತ್ರವೂ ಹೌದು. ‘ನಾಗರಹಾವು’ 1972ರಲ್ಲೂ 2016ರಲ್ಲೂ ಬಂದಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ದೀರ್ಘ, ಮಹಾಪ್ರಾಣಗಳ ಕಾಗುಣಿತ ಒಬ್ಬೊಬ್ಬರದು ಒಂದೊಂದು. ಹಾಗಾಗಿ ದತ್ತಸಂಚಯದಲ್ಲಿರುವ ಕ್ರಮಸಂಖ್ಯೆಯನ್ನೇ ಫೋಲ್ಡರಿನ ಹೆಸರಿಗೆ ಸೇರಿಸುವುದು ಭದ್ರ ಉಪಾಯ. ಪಟ್ಟಿಯಲ್ಲೇ ಇಲ್ಲದ ಹಳೆಯ ಚಿತ್ರಕ್ಕೆ ಮತ್ತು ಮನೆಯ ವಿಡಿಯೊಗಳಿಗೆ ಎನ್‌ಎಫ್‌ಒ ಎಂಬ ಪಠ್ಯ ಫೈಲನ್ನು ಕೈಯಾರೆ ಬರೆದಿಡಬಹುದು. ಯಾರ ಮದುವೆ, ಯಾವ ಊರು, ಯಾವ ವರ್ಷ, ತೆರೆಯ ಮೇಲೆ ಯಾರ‍್ಯಾರು ಎಂಬುದನ್ನು ಗುರುತು ಹಿಡಿಯುವ ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು.

ಕನ್ನಡ ಉಪಶೀರ್ಷಿಕೆಗಳದು ಬೇರೆಯದೇ ಕಷ್ಟ. ಫೈಲು ಯುಟಿಎಫ್-8ರಲ್ಲಿ ಇರಬೇಕು, ಸರ್ವರ್‌ನಲ್ಲಿ ಅಥವಾ ಕ್ಲೈಂಟ್‌ನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಅಕ್ಷರಶೈಲಿ ಇರಬೇಕು. ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಜೆಲ್ಲಿಫಿನ್‌ನಲ್ಲಿ ಇದಕ್ಕೆಂದೇ ಬದಲಿ ಅಕ್ಷರಶೈಲಿಯ ಫೋಲ್ಡರ್ ಸೂಚಿಸುವ ಅನುಕೂಲವಿದೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲಾರದ ಪ್ಲೇಯರ್ ತಂತ್ರಾಂಶಗಳೂ ಇವೆ. ಅಂಥಲ್ಲಿ ಉಪಶೀರ್ಷಿಕೆಯನ್ನು ಚಿತ್ರದ ಮೇಲೇ ಅಚ್ಚೊತ್ತಿ ಕಳಿಸುವಂತೆ ಸರ್ವರ್‌ಗೆ ಹೇಳಬಹುದು. ಆದರೆ ಹಾಗೆ ಮಾಡಿದೊಡನೆ ಟ್ರಾನ್ಸ್‌ಕೋಡಿಂಗ್ ಶುರುವಾಗುತ್ತದೆ. ಬ್ಲೂ-ರೇಯ ಚಿತ್ರರೂಪದ ಉಪಶೀರ್ಷಿಕೆಗಳನ್ನು ಆರಿಸಿದಾಗಲೂ ಅನೇಕ ಕ್ಲೈಂಟ್‌ಗಳಲ್ಲಿ ಇದೇ ಆಗುತ್ತದೆ.

ದಿನದ 24 ಗಂಟೆ ಓಡುವ ಯಂತ್ರದ ಕರೆಂಟು ಲೆಕ್ಕ ಸಣ್ಣದಲ್ಲ. 60 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ತಿಂಗಳಿಗೆ 43 ಯೂನಿಟ್ ಸುಡುತ್ತದೆ, 10 ವ್ಯಾಟಿನ ಪುಟ್ಟ ಯಂತ್ರ 7 ಯೂನಿಟ್. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮಿತಿ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಅವಲಂಬಿಸಿರುವುದರಿಂದ ಕರ್ನಾಟಕದ ಮನೆಗೆ ಈ ವ್ಯತ್ಯಾಸ ನೇರವಾಗಿ ತಟ್ಟಬಹುದು. ಮೂಲೆಯಲ್ಲಿ ಬಿದ್ದ ಹಳೆಯ ಕಂಪ್ಯೂಟರ್ ಪುಕ್ಕಟೆ ಸಿಕ್ಕಿತೆಂದು ಸರ್ವರ್ ಮಾಡುವವರು ಇದನ್ನು ಮರೆಯಬಾರದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಮನೆಯ ಇನ್ವರ್ಟರನ್ನು ಯುಪಿಎಸ್ ಸ್ಥಾನದಲ್ಲಿ ಇಡಬೇಕು. ಸಾಮಾನ್ಯ ಸ್ಥಾನದಲ್ಲಿ ಅದು ಹೊರಳುವಷ್ಟರಲ್ಲಿ ಕಂಪ್ಯೂಟರ್ ಒಮ್ಮೆ ಆರಿ ಹೊತ್ತಿಕೊಳ್ಳುತ್ತದೆ, ಡಿಸ್ಕಿಗೆ ಬರೆಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ. ಚಿಕ್ಕ ಯುಪಿಎಸ್ ಇದ್ದರೆ ಅದರ ಯುಎಸ್‌ಬಿ ತಂತಿಯನ್ನು ಸರ್ವರ್‌ಗೆ ಸಿಕ್ಕಿಸಿ, ಬ್ಯಾಟರಿ ಇಳಿದಾಗ ತಾನೇ ಕ್ರಮವಾಗಿ ಆರುವಂತೆ ಮಾಡಬಹುದು. ಕರೆಂಟು ಮರಳಿದಾಗ ತಾನೇ ಚಾಲೂ ಆಗುವ ಸೂಚನೆಯನ್ನು ಬಯಾಸ್‌ನಲ್ಲಿ ಹಾಕಿಡಬೇಕು. ರೂಟರ್ ಮತ್ತು ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಬೇಕು, ಇಲ್ಲವಾದರೆ ಸರ್ವರ್ ಎಚ್ಚರವಿದ್ದೂ ದಾರಿ ಮುಚ್ಚಿರುತ್ತದೆ.

ಮನೆಯ ಹೊರಗಿನಿಂದ ನೋಡುವ ಬಯಕೆ ಕೊನೆಗೆ ಬಂದೇ ಬರುತ್ತದೆ, ಮಕ್ಕಳು ಬೇರೆ ಊರಿನಲ್ಲೋ ದೇಶದಲ್ಲೋ ಇರುವ ಮನೆಗಳಲ್ಲಂತೂ. ಭಾರತದ ಅನೇಕ ಇಂಟರ್ನೆಟ್ ಕಂಪನಿಗಳು ನೂರಾರು ಗ್ರಾಹಕರಿಗೆ ಒಂದೇ ಹೊರ ವಿಳಾಸ ಕೊಡುವುದರಿಂದ ರೂಟರಿನಲ್ಲಿ ಕಿಂಡಿ ತೆರೆಯುವ ಹಳೆಯ ಉಪಾಯ ಫಲಿಸುವುದಿಲ್ಲ. ಫಲಿಸುವಲ್ಲಿಯೂ ಸರ್ವರನ್ನು ಬೀದಿಗೆ ತೆರೆದಿಡುವುದು ಕ್ಷೇಮವಲ್ಲ. 2020ರಲ್ಲಿ ಲಿನಕ್ಸ್ ಕರ್ನೆಲ್‌ಗೇ ಸೇರಿದ ವೈರ್‌ಗಾರ್ಡ್ ಎಂಬ ಸುರಂಗ ಕ್ರಮ, ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್‌ನಂಥ ಸೇವೆಗಳು ಈ ತೊಡಕನ್ನು ಬಿಡಿಸುತ್ತವೆ. ದೂರದ ಲ್ಯಾಪ್‌ಟಾಪು ಮನೆಯ ನೆಟ್‌ವರ್ಕಿನೊಳಗೇ ಇದ್ದಂತೆ ವರ್ತಿಸುತ್ತದೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ. ವೇಗ ಕಡಿಮೆಯಿದ್ದರೆ ಸರ್ವರ್ ಚಿತ್ರವನ್ನು ಕುಗ್ಗಿಸಿ ಕಳಿಸಬೇಕಾಗುವುದರಿಂದ ಕ್ವಿಕ್ ಸಿಂಕ್‌ನಂಥ ಅಂಗಕ್ಕೆ ನಿಜವಾದ ಕೆಲಸ ಬೀಳುವುದು ಇಲ್ಲಿಯೇ.

ನಡೆಯುತ್ತಿರುವ ಸರ್ವರ್ ಹೆಚ್ಚಿನ ಆರೈಕೆ ಬೇಡುವುದಿಲ್ಲ. ಡಿಸ್ಕಿನ ಆರೋಗ್ಯದ ಸ್ಮಾರ್ಟ್ ವರದಿಯನ್ನು ತಿಂಗಳಿಗೊಮ್ಮೆ ಓದುವುದು, ಬೇಸಗೆಗೆ ಮೊದಲು ಧೂಳು ಊದುವುದು, ಹೊಸ ಆವೃತ್ತಿ ಹಾಕುವ ಮೊದಲು ಜೆಲ್ಲಿಫಿನ್ ಮತ್ತು ಟಿವಿಹೆಡೆಂಡ್‌ನ ಸೆಟ್ಟಿಂಗ್ ಫೋಲ್ಡರುಗಳ ನಕಲು ತೆಗೆಯುವುದು ಮುಖ್ಯ. ನೋಡಿದ್ದು, ನೋಡದ್ದು, ಕೈಯಾರೆ ತಿದ್ದಿದ ಹೆಸರುಗಳು ಎಲ್ಲ ಆ ಫೋಲ್ಡರುಗಳಲ್ಲೇ ಇರುತ್ತವೆ. ಹೊಸ ಆವೃತ್ತಿ ದತ್ತಸಂಚಯದ ರೂಪ ಬದಲಿಸಿದ ಮೇಲೆ ಹಳೆಯ ಆವೃತ್ತಿಗೆ ಮರಳಲು ಈ ನಕಲಿನ ಹೊರತು ಬೇರೆ ದಾರಿ ಇರುವುದಿಲ್ಲ. ವರ್ಷಕ್ಕೊಮ್ಮೆ ಹೊರಮನೆಯ ಡಿಸ್ಕನ್ನು ತರಿಸಿ, ಅದರಿಂದ ಒಂದೆರಡು ಫೈಲು ಮರಳಿ ತೆರೆದು ನೋಡಬೇಕು. ಸರ್ವರ್‌ನ ವಿಳಾಸ, ಪಾಸ್‌ವರ್ಡು, ಯಾವ ತಂತಿ ಎಲ್ಲಿಗೆ ಎಂಬ ವಿವರವನ್ನು ಕಾಗದದ ಮೇಲೆ ಬರೆದು ಮನೆಯ ಮುಖ್ಯ ಪತ್ರಗಳ ಜೊತೆ ಇಟ್ಟರೆ, ಅದನ್ನು ಕಟ್ಟಿದವರು ಊರಲ್ಲಿಲ್ಲದಾಗಲೂ ಇನ್ನೊಬ್ಬರು ಮತ್ತೆ ಎಬ್ಬಿಸಬಹುದು.